ಸ್ಪ್ಯಾನಿಷ್‌ನಲ್ಲಿ ‘ಮುಚ್ಚು’, ‘ಮುಚ್ಚಿ’ ಎನ್ನುವುದು: ಧಾತು ಬದಲಾಗುವ ಕ್ರಿಯಾಪದಗಳ ವಿಧ್ಯರ್ಥ ರೂಪ

ತುಮಕೂರಿನಲ್ಲಿ ಕೂತು ಸ್ಪ್ಯಾನಿಷ್ ಕಲಿಯುವವರಿಗಾಗಿ ಈ ಬರಹ. ನೀವು ಸ್ಪ್ಯಾನಿಷ್ ಪ್ರಾವೀಣ್ಯದ ಪ್ರಮಾಣಪತ್ರ ಕೊಡುವ ಡೇಲೆ ಪರೀಕ್ಷೆಗೆ ಓದುತ್ತಿರಬಹುದು. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸ್ಪ್ಯಾನಿಷ್ ಗ್ರಾಹಕರ ಕರೆಗೆ ಉತ್ತರಿಸುವ ಕೆಲಸದ ಮೇಲೆ ಕಣ್ಣಿಟ್ಟಿರಬಹುದು. ವರ್ತಮಾನ ಕಾಲದ ರೂಪಗಳು ಬರುತ್ತವೆ, ‘ಬಾಗಿಲು ಮುಚ್ಚು’ ಎನ್ನಬೇಕಾದಾಗ ಮಾತ್ರ ನಾಲಿಗೆ ತಡವರಿಸುತ್ತದೆ ಎನ್ನುವ ಹಂತದಲ್ಲಿರುವವರು ಮುಂದೆ ಓದಿ.

‘ಮುಚ್ಚುವುದು’ ಎಂಬ ಕ್ರಿಯಾಪದ ‘ಸೆರ್ರಾರ್’. ಇದರ ಕೊನೆಯ ‘ರ್’ ತೆಗೆದು ‘ಸೇರ್ರ ಲ ಪ್ವೇರ್ತ’ ಎಂದರೆ ತಪ್ಪು, ‘ಸ್ಯೇರ್ರ ಲ ಪ್ವೇರ್ತ’ ಸರಿ. ಇದನ್ನು ತಿದ್ದಿಕೊಂಡವರು ಆಮೇಲೆ ಸ್ಪೇನಿನ ಗೆಳೆಯರ ಗುಂಪಿಗೆ ‘ಸ್ಯೆರ್ರಾದ್’ ಎನ್ನುತ್ತಾರೆ. ಅದೂ ತಪ್ಪು, ಅಲ್ಲಿ ‘ಸೆರ್ರಾದ್’ ಆಗಬೇಕು. ಎರಡು ತಪ್ಪಿಗೂ ಕಾರಣ ಒಂದೇ: ದನಿಯ ಒತ್ತು ಎಲ್ಲಿ ಬೀಳುತ್ತದೆ ಎಂದು ಕೇಳಿಸಿಕೊಳ್ಳದಿರುವುದು. ಕನ್ನಡದಲ್ಲಿ ಒತ್ತಿನ ಜಾಗ ಪದದ ಅರ್ಥವನ್ನು ಬದಲಿಸುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೋಷ್ಟಕ ಬಾಯಿಪಾಠ ಮಾಡುವ ಮೊದಲು ಈ ಒಂದು ವಿಷಯವನ್ನು ಹಿಡಿದುಕೊಂಡರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಓದುವ ಮುನ್ನ ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಒತ್ತು ಬೀಳುವ ಸ್ವರಕ್ಕೆ ದೀರ್ಘ ಹಾಕಿದೆ: ‘ಸೆರ್ರಾರ್’ನಲ್ಲಿ ಒತ್ತು ‘ರಾ’ ಮೇಲೆ, ‘ಸ್ಯೇರ್ರ’ದಲ್ಲಿ ‘ಸ್ಯೇ’ ಮೇಲೆ. ಹೇಳುವಾಗ ಅದನ್ನು ಎಳೆಯಬೇಡಿ, ಸ್ವಲ್ಪ ಗಟ್ಟಿಯಾಗಿ ಹೇಳಿ ಸಾಕು. ತ ಮತ್ತು ದ ನಮ್ಮ ತ, ದಗಳೇ. ಇಂಗ್ಲಿಷ್ ಅಭ್ಯಾಸದಿಂದ ಟ, ಡ ಮಾಡಬೇಡಿ. ರೋಮನ್ ಅಕ್ಷರ ವಿ ಇದ್ದಲ್ಲಿಯೂ ಉಚ್ಚಾರ ಮೆತ್ತಗಿನ ಬ. ಎಚ್ ಅಕ್ಷರಕ್ಕೆ ದನಿಯೇ ಇಲ್ಲ. ಸ ಎಂದು ಬರೆದದ್ದು ಲ್ಯಾಟಿನ್ ಅಮೆರಿಕದ ಉಚ್ಚಾರ. ಸ್ಪೇನಿನ ಬಹುಭಾಗದಲ್ಲಿ ಜಡ್ ಅಕ್ಷರವನ್ನೂ, ಇಲ್ಲಿ ಸ ಎಂದು ಬರೆದ ಸಿ ಅಕ್ಷರವನ್ನೂ ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ನುಡಿಯುತ್ತಾರೆ. ಪ್ರತಿ ಪದದ ರೋಮನ್ ಕಾಗುಣಿತವನ್ನು ನಿಘಂಟಿನಲ್ಲಿ ನೋಡಿ ಪಕ್ಕದಲ್ಲಿ ಬರೆದುಕೊಳ್ಳಿ.

ಮೊದಲು: ಯಾರಿಗೆ ಹೇಳುತ್ತಿದ್ದೀರಿ?

ನಮ್ಮಲ್ಲಿ ‘ಬಾ’, ‘ಬನ್ನಿ’ ಎರಡೇ ಸಾಕು. ‘ಬನ್ನಿ’ ಎಂದರೆ ಮನೆಗೆ ಬಂದ ಒಬ್ಬ ಹಿರಿಯರೂ ಆಗಬಹುದು, ಹತ್ತು ಹುಡುಗರೂ ಆಗಬಹುದು. ಸ್ಪ್ಯಾನಿಷ್ ಇವೆರಡನ್ನೂ ಬೇರೆ ಮಾಡುತ್ತದೆ. ಸಲಿಗೆಯ ಒಬ್ಬರಿಗೆ ‘ತೂ’, ಗೌರವದ ಒಬ್ಬರಿಗೆ ‘ಉಸ್ತೇದ್’, ಹಲವರಿಗೆ ‘ಉಸ್ತೇದೆಸ್’. ಸ್ಪೇನಿನಲ್ಲಿ ಸಲಿಗೆಯ ಹಲವರಿಗೆ ‘ಬೊಸೋತ್ರೊಸ್’ ಎಂಬ ಇನ್ನೊಂದು ರೂಪ ಇದೆ. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಮತ್ತು ಮಧ್ಯ ಅಮೆರಿಕದ ಹಲವು ಕಡೆ ‘ತೂ’ ಜಾಗದಲ್ಲಿ ‘ಬೋಸ್’ ಬಳಸುತ್ತಾರೆ. ‘ಮಾಡೋಣ’ ಎಂಬುದಕ್ಕೆ ‘ನೊಸೋತ್ರೊಸ್’ ರೂಪ.

ಕನ್ನಡಿಗರು ಇಲ್ಲಿ ಮಾಡುವ ಸಾಮಾನ್ಯ ತಪ್ಪೆಂದರೆ ಒಬ್ಬ ಗ್ರಾಹಕರಿಗೆ ಗೌರವ ಕೊಡಲು ಹೋಗಿ ಬಹುವಚನ ಹಾಕುವುದು. ಒಬ್ಬರೇ ಇದ್ದರೆ ‘ಸ್ಯೇರ್ರೆ’, ಇಬ್ಬರು ಅಥವಾ ಹೆಚ್ಚಿದ್ದರೆ ‘ಸ್ಯೇರ್ರೆನ್’. ಗೌರವ ಎಷ್ಟೇ ಇರಲಿ, ಒಬ್ಬರಿಗೆ ಕೊನೆಯ ‘ನ್’ ಬೇಡ.

ಧಾತು ಯಾವ ಬಗೆಯದು?

ಕ್ರಿಯಾಪದದ ‘ನಾನು’ ರೂಪವನ್ನು ನಿಘಂಟಿನಲ್ಲಿ ನೋಡಿ. ಮೂರು ಬಗೆಯ ಬದಲಾವಣೆ ಸಿಗುತ್ತದೆ.

ಎ ಸ್ವರ ಯೆ ಆಗುವುದು: ಸೆರ್ರಾರ್ (ಮುಚ್ಚು) – ಸ್ಯೇರ್ರೊ. ಎನ್ಸೆಂದೇರ್ (ಹಚ್ಚು, ಆನ್ ಮಾಡು) – ಎನ್ಸ್ಯೇಂದೊ. ಎಂಪೆಸಾರ್ (ಶುರು ಮಾಡು) – ಎಂಪ್ಯೇಸೊ.

ಒ ಸ್ವರ ವೆ ಆಗುವುದು: ಮೊಲೇರ್ (ರುಬ್ಬು, ಬೀಸು) – ಮ್ವೇಲೊ. ಬೊಲ್ಬೇರ್ (ಹಿಂತಿರುಗು) – ಬ್ವೇಲ್ಬೊ. ದೊರ್ಮೀರ್ (ನಿದ್ದೆ ಮಾಡು) – ದ್ವೇರ್ಮೊ. ಹುಗಾರ್ (ಆಡು) – ಹ್ವೇಗೊ ಕೂಡ ಇದೇ ದಾರಿಯದು. ಅಲ್ಲಿ ಮೂಲದಲ್ಲಿ ಇರುವುದು ಉ ಸ್ವರ. ಹಾಗೆ ನಡೆಯುವ ಕ್ರಿಯಾಪದ ಅದೊಂದೇ.

ಎ ಸ್ವರ ಇ ಆಗುವುದು: ಸೆರ್ಬೀರ್ (ಬಡಿಸು) – ಸೀರ್ಬೊ. ಪೆದೀರ್ (ಕೇಳಿ ಪಡೆ) – ಪೀದೊ. ರೆಪೆತೀರ್ (ಮತ್ತೆ ಹೇಳು) – ರೆಪೀತೊ. ಈ ಮೂರನೆಯ ಬಗೆ ‘ಈರ್’ನಿಂದ ಮುಗಿಯುವ ಕ್ರಿಯಾಪದಗಳಲ್ಲಿ ಮಾತ್ರ ಬರುತ್ತದೆ.

ಮೊದಲ ಎರಡು ಬಗೆಯಲ್ಲಿ ಸ್ವರ ಏಕೆ ಒಡೆಯುತ್ತದೆ? ಲ್ಯಾಟಿನ್ನಿನ ಹ್ರಸ್ವ ಎ ಮತ್ತು ಒ ಸ್ವರಗಳು ಒತ್ತು ಬಿದ್ದ ಕಡೆ ಸ್ಪ್ಯಾನಿಷ್‌ನಲ್ಲಿ ಯೆ, ವೆ ಆಗಿ ಒಡೆದವು. ಒತ್ತು ಇಲ್ಲದ ಕಡೆ ಹಾಗೇ ಉಳಿದವು. ಇದು ಕ್ರಿಯಾಪದಕ್ಕಷ್ಟೇ ಸೀಮಿತವಲ್ಲ. ಬಾಗಿಲು ‘ಪ್ವೇರ್ತ’, ಬಾಗಿಲು ಕಾಯುವವನು ‘ಪೊರ್ತೇರೊ’. ಏಳು ‘ಸ್ಯೇತೆ’, ಎಪ್ಪತ್ತು ‘ಸೆತೇನ್ತ’. ಒಂಬತ್ತು ‘ನ್ವೇಬೆ’, ತೊಂಬತ್ತು ‘ನೊಬೇನ್ತ’. ಒತ್ತು ಮುಂದಕ್ಕೆ ಸರಿದ ಕೂಡಲೇ ಹಳೆಯ ಸ್ವರ ವಾಪಸ್ ಬರುತ್ತದೆ. ಈ ಮೂರು ಜೋಡಿಗಳನ್ನು ದಿನಕ್ಕೊಮ್ಮೆ ಜೋರಾಗಿ ಹೇಳಿಕೊಳ್ಳಿ, ನಿಯಮ ತಾನಾಗಿ ಕಿವಿಗೆ ಕೂರುತ್ತದೆ.

‘ತೂ’ ರೂಪ

ಇದು ಸುಲಭ. ‘ಅವನು ಮುಚ್ಚುತ್ತಾನೆ’ ಎಂಬ ವರ್ತಮಾನ ರೂಪವೇ ‘ಮುಚ್ಚು’ ಎಂಬ ಆಜ್ಞೆ. ಸ್ಯೇರ್ರ (ಮುಚ್ಚು), ಎನ್ಸ್ಯೇಂದೆ (ಹಚ್ಚು), ಮ್ವೇಲೆ (ರುಬ್ಬು), ಬ್ವೇಲ್ಬೆ (ಹಿಂತಿರುಗು), ದ್ವೇರ್ಮೆ (ನಿದ್ದೆ ಮಾಡು), ಸೀರ್ಬೆ (ಬಡಿಸು). ‘ಆರ್’ ಗುಂಪು ಅ ಸ್ವರದಲ್ಲಿ ಮುಗಿಯುತ್ತದೆ, ‘ಏರ್’ ಮತ್ತು ‘ಈರ್’ ಗುಂಪು ಎ ಸ್ವರದಲ್ಲಿ.

ಧಾತು ಬದಲಾಗುವವುಗಳಲ್ಲಿ ಮೂರು ಮಾತ್ರ ಈ ಸಾಲಿನಿಂದ ಹೊರಗೆ: ಬೆನೀರ್ (ಬರು) – ಬೇನ್, ತೆನೇರ್ (ಹೊಂದಿರು, ಹಿಡಿ) – ತೇನ್, ದೆಸೀರ್ (ಹೇಳು) – ದೀ. ಇಲ್ಲಿ ಕೊನೆಯೇ ಉದುರಿಹೋಗಿದೆ. ನಮ್ಮ ‘ಬರು’ ‘ಬಾ’ ಆಗುವಂತೆ, ‘ತರು’ ‘ತಾ’ ಆಗುವಂತೆ ಇವೂ ದಿನಬಳಕೆಯಲ್ಲಿ ಸವೆದ ಪದಗಳು. ಬೆನೀರ್, ತೆನೇರ್‌ಗಳಿಂದ ಹುಟ್ಟಿದ ಕ್ರಿಯಾಪದಗಳಿಗೂ, ಉದಾಹರಣೆಗೆ ಮಂತೆನೇರ್ (ಕಾಪಾಡಿಕೊಂಡು ಹೋಗು) – ಮಂತೇನ್, ಇದೇ ರೂಪ.

‘ಉಸ್ತೇದ್’ ಮತ್ತು ‘ಉಸ್ತೇದೆಸ್’

ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಕೆಲಸದ ಕರೆಯಲ್ಲಾಗಲಿ, ಕಚೇರಿಯಲ್ಲಾಗಲಿ ನಿಮಗೆ ಬೇಕಾಗುವುದು ಬಹುಪಾಲು ಇದೇ.

‘ನಾನು’ ರೂಪ ತೆಗೆದುಕೊಳ್ಳಿ: ಸ್ಯೇರ್ರೊ. ಕೊನೆಯ ಒ ತೆಗೆಯಿರಿ. ಈಗ ಸ್ವರವನ್ನು ಅದಲುಬದಲು ಮಾಡಿ: ‘ಆರ್’ ಗುಂಪಿಗೆ ಎ, ಉಳಿದೆರಡು ಗುಂಪಿಗೆ ಅ. ಸ್ಯೇರ್ರೆ (ಮುಚ್ಚಿ), ಎನ್ಸ್ಯೇಂದ (ಹಚ್ಚಿ), ಮ್ವೇಲ (ರುಬ್ಬಿ), ಬ್ವೇಲ್ಬ, ದ್ವೇರ್ಮ, ಸೀರ್ಬ (ಬಡಿಸಿ). ಹಲವರಿಗಾದರೆ ‘ನ್’ ಸೇರಿಸಿ: ಸ್ಯೇರ್ರೆನ್, ಎನ್ಸ್ಯೇಂದನ್, ಮ್ವೇಲನ್, ಸೀರ್ಬನ್.

‘ನಾನು’ ರೂಪದಿಂದಲೇ ಹೊರಡಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ನಾನು ಬರುತ್ತೇನೆ’ ಬೇಂಗೊ, ಹಾಗಾಗಿ ‘ಬನ್ನಿ’ ಬೇಂಗ. ‘ನಾನು ಹೇಳುತ್ತೇನೆ’ ದೀಗೊ, ಹಾಗಾಗಿ ‘ಹೇಳಿ’ ದೀಗ. ಮೂಲರೂಪದಿಂದ, ಅಂದರೆ ‘ಆರ್’, ‘ಏರ್’, ‘ಈರ್’ನಿಂದ ಮುಗಿಯುವ ನಿಘಂಟಿನ ರೂಪದಿಂದ ಹೊರಟವರಿಗೆ ಈ ‘ಗ’ ಸಿಗುವುದೇ ಇಲ್ಲ.

ಈ ಅದಲುಬದಲಿನಿಂದಲೇ ಒಂದು ಗೊಂದಲ ಹುಟ್ಟುತ್ತದೆ. ಸೆನ್ತಾರ್ ಎಂದರೆ ಕೂರಿಸು, ಸೆನ್ತೀರ್ ಎಂದರೆ ಅನುಭವಿಸು. ಎರಡರ ‘ನಾನು’ ರೂಪವೂ ‘ಸ್ಯೇನ್ತೊ’. ಸೆನ್ತಾರ್‌ಗೆ ‘ತೂ’ ಆಜ್ಞೆ ‘ಸ್ಯೇನ್ತ’, ‘ಉಸ್ತೇದ್’ ಆಜ್ಞೆ ‘ಸ್ಯೇನ್ತೆ’. ಸೆನ್ತೀರ್‌ಗೆ ಸರಿಯಾಗಿ ತಿರುಗಾಮುರುಗ: ‘ತೂ’ಗೆ ‘ಸ್ಯೇನ್ತೆ’, ‘ಉಸ್ತೇದ್’ಗೆ ‘ಸ್ಯೇನ್ತ’. ವಾಕ್ಯ ನೋಡದೆ ಬಿಡಿ ಪದಕ್ಕೆ ಅರ್ಥ ಹೇಳಲು ಹೋಗಬೇಡಿ.

ಒತ್ತು ಸರಿದಾಗ

ಬೊಸೋತ್ರೊಸ್ ರೂಪಕ್ಕೆ ಮೂಲರೂಪದ ಕೊನೆಯ ‘ರ್’ ತೆಗೆದು ‘ದ್’ ಹಾಕಿದರೆ ಆಯಿತು: ಸೆರ್ರಾದ್, ಮೊಲೇದ್, ದೊರ್ಮೀದ್, ಸೆರ್ಬೀದ್. ಒತ್ತು ಕೊನೆಗೆ ಹೋಯಿತು, ಧಾತು ಬದಲಾಗಲಿಲ್ಲ. ಬೋಸ್ ರೂಪದಲ್ಲಿ ಆ ‘ದ್’ ಕೂಡ ಇಲ್ಲ: ಸೆರ್ರಾ, ಮೊಲೇ, ದೊರ್ಮೀ, ಸೆರ್ಬೀ. ಬ್ಯೂನಸ್ ಐರಿಸ್‌ನ ಗ್ರಾಹಕರ ಬಾಯಲ್ಲಿ ಇದನ್ನು ಕೇಳಿ ತಪ್ಪು ವ್ಯಾಕರಣ ಎಂದುಕೊಳ್ಳಬೇಡಿ. ಅದು ಅಲ್ಲಿನ ಶಿಷ್ಟ ರೂಪವೇ.

ನೊಸೋತ್ರೊಸ್ ರೂಪದಲ್ಲಿ ‘ಆರ್’, ‘ಏರ್’ ಗುಂಪುಗಳು ನಿಯಮ ಪಾಲಿಸುತ್ತವೆ: ಸೆರ್ರೇಮೊಸ್ (ಮುಚ್ಚೋಣ), ಮೊಲಾಮೊಸ್ (ರುಬ್ಬೋಣ). ‘ಈರ್’ ಗುಂಪು ಮಾತ್ರ ಇಲ್ಲಿ ಒಂದು ಅಪವಾದ ಇಟ್ಟುಕೊಂಡಿದೆ. ಒತ್ತು ಕೊನೆಯಲ್ಲಿದ್ದರೂ ಎ ಸ್ವರ ಇ ಆಗುತ್ತದೆ, ಒ ಸ್ವರ ಉ ಆಗುತ್ತದೆ: ಸಿರ್ಬಾಮೊಸ್ (ಬಡಿಸೋಣ), ದುರ್ಮಾಮೊಸ್ (ನಿದ್ದೆ ಮಾಡೋಣ). ಇದನ್ನು ಬಾಯಿಪಾಠ ಮಾಡಲೇಬೇಕು. ಮಾತಿನಲ್ಲಿ ‘ಬಾಮೊಸ್ ಅ’ ಹಾಕಿ ಮೂಲರೂಪ ಹೇಳುವವರೇ ಹೆಚ್ಚು: ‘ಬಾಮೊಸ್ ಅ ದೊರ್ಮೀರ್’. ಮಾತಿಗೆ ಅದು ಸಾಕು, ಪರೀಕ್ಷೆಗೆ ಮೇಲಿನ ರೂಪ ಬೇಕು.

ಕಾಗುಣಿತ

ಕೆಲವು ಕ್ರಿಯಾಪದಗಳಲ್ಲಿ ದನಿ ಹಾಗೇ ಉಳಿಯಲೆಂದು ಅಕ್ಷರ ಬದಲಾಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಈ ತೊಡಕು ಕಾಣುವುದೇ ಇಲ್ಲ, ರೋಮನ್ನಿನಲ್ಲಿ ಬರೆಯುವಾಗ ಕಾಣುತ್ತದೆ. ಹುಗಾರ್‌ನ ‘ಉಸ್ತೇದ್’ ರೂಪ ‘ಹ್ವೇಗೆ’. ಜಿ ಮುಂದೆ ನೇರವಾಗಿ ರೋಮನ್ ಇ ಅಕ್ಷರ (ಎ ಸ್ವರ) ಬರೆದರೆ ಸ್ಪ್ಯಾನಿಷ್‌ನವರು ‘ಹೆ’ ಎಂದು ಓದುತ್ತಾರೆ. ‘ಗೆ’ ಎಂದೇ ಓದಿಸಲು ನಡುವೆ ಯು ಅಕ್ಷರ ಸೇರಿಸಬೇಕು. ಕೊಲ್ಗಾರ್ (ತೂಗುಹಾಕು, ಫೋನ್ ಇಡು) – ಕ್ವೇಲ್ಗೆ ಕೂಡ ಹಾಗೆಯೇ. ಸೆಗೀರ್ (ಮುಂದುವರಿ) ಇದಕ್ಕೆ ಉಲ್ಟಾ: ‘ಸೀಗೆ’ಯಲ್ಲಿ ಯು ಇದೆ, ‘ಸೀಗ’ದಲ್ಲಿ ಅದು ಬೇಡ. ಎಂಪೆಸಾರ್‌ನ ಜಡ್ ‘ಎಂಪ್ಯೇಸೆ’ಯಲ್ಲಿ ಸಿ ಆಗುತ್ತದೆ. ಎಲೆಹೀರ್ (ಆರಿಸು) ಪದದ ಜಿ ‘ಎಲೀಹ’ದಲ್ಲಿ ಜೆ ಆಗುತ್ತದೆ.

ಸರ್ವನಾಮ ಅಂಟಿಸುವುದು

ವಿಧಿರೂಪದ (‘ಬೇಡ’ ಎನ್ನದ) ಆಜ್ಞೆಯಲ್ಲಿ ‘ಅದನ್ನು’, ‘ನನಗೆ’ ಮೊದಲಾದವು ಕ್ರಿಯಾಪದದ ಬಾಲಕ್ಕೆ ಅಂಟುತ್ತವೆ. ಸೀರ್ಬೆಲೊ (ಅದನ್ನು ಬಡಿಸು), ಮ್ವೇಲೆಲೊ (ಅದನ್ನು ರುಬ್ಬು), ಕ್ವೇನ್ತೆಮೆ (ನನಗೆ ಹೇಳಿ, ಮೂಲ ಕೊನ್ತಾರ್). ಎರಡಿದ್ದರೆ ವ್ಯಕ್ತಿ ಮೊದಲು, ವಸ್ತು ಆಮೇಲೆ: ಮ್ವೇಸ್ತ್ರೆಮೆಲೊ (ಅದನ್ನು ನನಗೆ ತೋರಿಸಿ; ಮೂಲ ಮೊಸ್ತ್ರಾರ್).

ಬಾಲ ಬೆಳೆದರೂ ಒತ್ತು ಮೊದಲಿದ್ದ ಜಾಗದಲ್ಲೇ ಇರುತ್ತದೆ. ರೋಮನ್ ಬರಹದಲ್ಲಿ ಸ್ವರ, ಎನ್ ಅಥವಾ ಎಸ್‌ನಿಂದ ಮುಗಿಯುವ ಪದಕ್ಕೆ ಒತ್ತು ಸಹಜವಾಗಿ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಬೀಳುತ್ತದೆ. ಅದಕ್ಕಿಂತ ಹಿಂದೆ ಇದ್ದರೆ ಸ್ವರದ ಮೇಲೆ ಗೆರೆ ಎಳೆಯಬೇಕು. ಸೀರ್ಬೆ ಎಂಬುದಕ್ಕೆ ಗೆರೆ ಬೇಡ, ಸೀರ್ಬೆಲೊ ಎಂಬುದಕ್ಕೆ ಬೇಕು. ದೀಮೆ (ನನಗೆ ಹೇಳು) ಎಂಬುದಕ್ಕೆ ಬೇಡ, ದೀಮೆಲೊ (ಅದನ್ನು ನನಗೆ ಹೇಳು) ಎಂಬುದಕ್ಕೆ ಬೇಕು. ಮರೆತು ಹೆಚ್ಚು ಅಂಕ ಕಳೆದುಕೊಳ್ಳುವುದು ಈ ಗೆರೆಯಿಂದಲೇ.

ತನ್ನಷ್ಟಕ್ಕೆ ಮಾಡಿಕೊಳ್ಳುವ ಕೆಲಸಗಳಿಗೆ ನಮ್ಮ ‘ಕೊಳ್ಳು’ ನೆರವಿಗೆ ಬರುತ್ತದೆ. ಕೂತ್ಕೋ – ಸ್ಯೇನ್ತತೆ, ಕೂತ್ಕೊಳ್ಳಿ – ಸ್ಯೇನ್ತೆಸೆ, ಹಲವರಿಗೆ ಸ್ಯೇನ್ತೆನ್ಸೆ. ಮಲಕ್ಕೋ – ಅಕ್ವೇಸ್ತತೆ. ಬಟ್ಟೆ ಹಾಕ್ಕೋ – ಬೀಸ್ತೆತೆ. ಎಲ್ಲ ಕಡೆಗೂ ಈ ಹೋಲಿಕೆ ನಡೆಯದು: ‘ಎದ್ದೇಳು’ ಎನ್ನುವಾಗ ನಾವು ‘ಕೊ’ ಹಾಕುವುದಿಲ್ಲ, ಅವರು ‘ದೆಸ್ಪ್ಯೇರ್ತತೆ’ಯಲ್ಲಿ ಹಾಕುತ್ತಾರೆ. ಇನ್ನೆರಡು ರೂಪಗಳಲ್ಲಿ ಒಂದೊಂದು ವ್ಯಂಜನ ಬಿದ್ದುಹೋಗುತ್ತದೆ. ‘ಕೂರೋಣ’ ಎನ್ನುವಲ್ಲಿ ಸೆನ್ತೇಮೊಸ್‌ನ ಸ್ ಬಿದ್ದು ಸೆನ್ತೇಮೊನೊಸ್ ಆಗುತ್ತದೆ. ಬೊಸೋತ್ರೊಸ್‌ನಲ್ಲಿ ಸೆನ್ತಾದ್‌ನ ದ್ ಬಿದ್ದು ಸೆನ್ತಾಒಸ್ ಆಗುತ್ತದೆ.

ಬದಲಾಗದ ಪದಗಳು

ನಿಯಮ ಕಲಿತ ಹುರುಪಿನಲ್ಲಿ ಕಂಡ ಎ, ಒಗಳನ್ನೆಲ್ಲ ಒಡೆಯುವುದು ಮುಂದಿನ ಹಂತದ ತಪ್ಪು. ಎಸ್ಪೆರಾರ್ (ಕಾಯು) – ಎಸ್ಪೇರೆ, ಕೊರ್ತಾರ್ (ಕತ್ತರಿಸು) – ಕೋರ್ತೆ, ರೆಸ್ಪೊಂದೇರ್ (ಉತ್ತರಿಸು) – ರೆಸ್ಪೋಂದ, ಕೊಮೇರ್ (ತಿನ್ನು) – ಕೋಮ. ಇವು ಒಡೆಯುವುದಿಲ್ಲ. ಮೂಲರೂಪ ನೋಡಿ ಯಾವುದು ಒಡೆಯುತ್ತದೆ ಎಂದು ಊಹಿಸಲಾಗದು. ಅದಕ್ಕೇ ಹೊಸ ಕ್ರಿಯಾಪದ ಬರೆದುಕೊಳ್ಳುವಾಗಲೆಲ್ಲ ‘ನಾನು’ ರೂಪವನ್ನೂ ಪಕ್ಕದಲ್ಲಿ ಬರೆಯಿರಿ.

ಲ್ಯಾಟಿನ್ ಅಮೆರಿಕದ ಉಚ್ಚಾರದಲ್ಲಿ ಬೇಯಿಸು ಮತ್ತು ಹೊಲಿ ಎರಡೂ ‘ಕೊಸೇರ್’ ಎಂದೇ ಕೇಳುತ್ತವೆ, ರೋಮನ್ ಕಾಗುಣಿತ ಮಾತ್ರ ಬೇರೆ. ಬೇಯಿಸುವುದು ಒಡೆಯುತ್ತದೆ, ಹೊಲಿಯುವುದು ಒಡೆಯುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬೇಯಿಸಲು ಹೇಳುವಾಗ ‘ಕ್ವೇಸೆ ಲೊಸ್ ಇಡ್ಲಿಸ್ ಅಲ್ ಬಪೋರ್’ (ಇಡ್ಲಿಗಳನ್ನು ಹಬೆಯಲ್ಲಿ ಬೇಯಿಸು) ಎನ್ನಬೇಕು. ‘ಕೋಸೆ’ ಎಂದರೆ ಇಡ್ಲಿಯನ್ನು ಹೊಲಿ ಎಂದಾಗುತ್ತದೆ.

ಮುದ್ದೆ ಮಾಡುತ್ತಾ ಅಭ್ಯಾಸ

ಅಡುಗೆಯ ಕ್ರಮ ಹೇಳುವುದು ಈ ರೂಪಗಳಿಗೆ ಅತ್ಯುತ್ತಮ ಅಭ್ಯಾಸ. ರಾಗಿ ಮುದ್ದೆ ತೆಗೆದುಕೊಳ್ಳಿ. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು. ಗೆಳೆಯನಿಗೆ ಹೇಳುವ ‘ತೂ’ ರೂಪದಲ್ಲಿ:

ಎನ್ಸ್ಯೇಂದೆ ಎಲ್ ಫ್ವೇಗೊ. (ಒಲೆ ಹಚ್ಚು.)
ಯೇರ್ಬೆ ದೋಸ್ ತಾಸಸ್ ದೆ ಆಗ್ವ ಕೊನ್ ಸಾಲ್. (ಎರಡು ಲೋಟ ನೀರಿಗೆ ಉಪ್ಪು ಹಾಕಿ ಕುದಿಸು.)
ಏಚ ಊನ ತಾಸ ದೆ ಅರೀನ ದೆ ರಾಗಿ. (ಒಂದು ಲೋಟ ರಾಗಿ ಹಿಟ್ಟು ಹಾಕು.)
ರೆಮ್ವೇಬೆ ಕೊನ್ ಉನ್ ಪಾಲೊ. (ಕೋಲಿನಿಂದ ತಿರುವು.)
ಫೋರ್ಮ ಊನ ಬೋಲ. (ಉಂಡೆ ಕಟ್ಟು.)
ಸೀರ್ಬೆಲ ಕಲ್ಯೇನ್ತೆ. (ಬಿಸಿಯಾಗಿ ಬಡಿಸು.)

‘ತಾಸ’ ಎಂದರೆ ಕಪ್ಪು; ನಮ್ಮ ಲೋಟದ ಜಾಗಕ್ಕೆ ಅದು ಸಾಕು. ಕುದಿಸುವುದರ ಮೂಲ ಎರ್ಬೀರ್. ಒತ್ತು ಧಾತುವಿಗೆ ಬಂದಾಗ ಪದದ ಆರಂಭವೇ ‘ಯೇ’ ಆಗುತ್ತದೆ. ಏಚ (ಮೂಲ ಎಚಾರ್) ಮತ್ತು ಫೋರ್ಮ (ಮೂಲ ಫೊರ್ಮಾರ್) ಬದಲಾಗದವು. ಬೇಕೆಂದೇ ಸೇರಿಸಿದೆ, ಎಲ್ಲವನ್ನೂ ಒಡೆಯುವ ಚಟಕ್ಕೆ ಕಡಿವಾಣ. ಕೊನೆಯ ಸಾಲಿನ ‘ಕಲ್ಯೇನ್ತೆ’ ಇಲ್ಲಿ ‘ಬಿಸಿಯಾದ’ ಎಂಬ ಗುಣವಾಚಕ. ಆದರೆ ಕಲೆನ್ತಾರ್ (ಬಿಸಿ ಮಾಡು) ಎಂಬುದರ ‘ಉಸ್ತೇದ್’ ಆಜ್ಞೆಯೂ ಅದೇ: ‘ಕಲ್ಯೇನ್ತೆ ಎಲ್ ಆಗ್ವ’ ಎಂದರೆ ನೀರು ಬಿಸಿ ಮಾಡಿ.

ಈಗ ಪುಸ್ತಕ ಮುಚ್ಚಿ, ಆ ಆರು ಸಾಲುಗಳನ್ನು ಒಬ್ಬ ಹಿರಿಯರಿಗೆ ಹೇಳುವಂತೆ ತಿರುಗಿಸಿ. ಆಮೇಲೆ ಹಲವರಿಗೆ, ಆಮೇಲೆ ‘ಮಾಡೋಣ’ ಎಂದು. ಉತ್ತರ ಕೊನೆಯಲ್ಲಿದೆ.

ಕರೆಯಲ್ಲಿ ಮತ್ತು ದಾರಿಯಲ್ಲಿ

ಫೋನಿನಲ್ಲಿ ಪದೇ ಪದೇ ಬೇಕಾಗುವ ವಾಕ್ಯಗಳು, ಎಲ್ಲವೂ ‘ಉಸ್ತೇದ್’ ರೂಪದಲ್ಲಿ: ‘ರೆಪೀತ ಸು ನೋಂಬ್ರೆ, ಪೊರ್ ಫಬೋರ್’ (ನಿಮ್ಮ ಹೆಸರು ಇನ್ನೊಮ್ಮೆ ಹೇಳಿ). ‘ಸ್ಯೇರ್ರೆ ಲ ಅಪ್ಲಿಕಸ್ಯೋನ್’ (ಆ್ಯಪ್ ಮುಚ್ಚಿ). ‘ಬ್ವೇಲ್ಬ ಅ ಎನ್ಸೆಂದೇರ್ ಎಲ್ ತೆಲೇಫೊನೊ’ (ಫೋನ್ ಮತ್ತೆ ಆನ್ ಮಾಡಿ). ‘ಎಲೀಹ ಲ ಒಪ್ಸ್ಯೋನ್ ದೋಸ್’ (ಎರಡನೆಯ ಆಯ್ಕೆ ಆರಿಸಿ). ‘ಪ್ರ್ವೇಬೆ ಓತ್ರ ಬೇಸ್’ (ಇನ್ನೊಮ್ಮೆ ಪ್ರಯತ್ನಿಸಿ, ಮೂಲ ಪ್ರೊಬಾರ್). ಮೂರನೆಯ ವಾಕ್ಯ ಗಮನಿಸಿ: ‘ಬೊಲ್ಬೇರ್ ಅ’ ಮುಂದೆ ಬಂದ ಎನ್ಸೆಂದೇರ್ ಮೂಲರೂಪದಲ್ಲೇ ಇದೆ. ಆಜ್ಞೆಯ ರೂಪ ಒಂದಕ್ಕೇ ಸಾಕು.

ಕನ್ನಡದಲ್ಲಿ ‘ಸ್ವಲ್ಪ ಹೇಳಿ’ ಎಂದರೆ ಮಾತು ಮೆತ್ತಗಾಗುತ್ತದೆ. ಆ ‘ಸ್ವಲ್ಪ’ವನ್ನು ಹಾಗೇ ‘ಉನ್ ಪೋಕೊ’ ಎಂದು ಹಾಕಿದರೆ ಅವರಿಗೆ ನಿಜವಾಗಿಯೂ ‘ಕೊಂಚವೇ ಹೇಳಿ’ ಎಂದು ಕೇಳುತ್ತದೆ. ಅದರ ಬದಲು ‘ಪೊರ್ ಫಬೋರ್’ ಹಾಕಿ. ಇನ್ನೂ ವಿನಯ ಬೇಕಿದ್ದರೆ ‘ಪ್ವೇದೆ ರೆಪೆತೀರ್?’ (ಮತ್ತೆ ಹೇಳಬಹುದೇ?) ಎಂದು ಪ್ರಶ್ನೆ ಮಾಡಿ.

ದಾರಿ ಹೇಳಲು ಸೆಗೀರ್ ಬೇಕೇ ಬೇಕು. ಟೌನ್ ಹಾಲ್ ಹತ್ತಿರ ನಿಂತ ವಿದೇಶಿ ಪ್ರವಾಸಿಗೆ ‘ಸೀಗ ದೆರೇಚೊ ಪೊರ್ ಲ ಬಿ.ಎಚ್. ರೋಡ್ ಆಸ್ತ ಕ್ಯಾತ್ಸಂದ್ರ’ (ಬಿ.ಎಚ್. ರಸ್ತೆಯಲ್ಲಿ ನೇರವಾಗಿ ಕ್ಯಾತ್ಸಂದ್ರದವರೆಗೆ ಹೋಗಿ) ಎನ್ನಬಹುದು. ಸ್ಪೇನಿನವರು ‘ದೆರೇಚೊ’ ಬದಲು ‘ರೇಕ್ತೊ’ ಎನ್ನುತ್ತಾರೆ. ‘ದೆರೇಚ’ ಎಂದರೆ ಬಲಗಡೆ. ಕೊನೆಯ ಸ್ವರ ತಪ್ಪಿದರೆ ಜನ ಬಲಕ್ಕೆ ತಿರುಗಿಬಿಡುತ್ತಾರೆ.

ಫಲಕಗಳಲ್ಲಿ ‘ಸೆರ್ರಾರ್ ಲ ಪ್ವೇರ್ತ’ ಎಂದು ಮೂಲರೂಪವೇ ಕಂಡರೆ ಗಾಬರಿ ಬೇಡ. ಯಾರೊಬ್ಬರಿಗೂ ನೇರವಾಗಿ ಹೇಳದ ಸೂಚನೆಗೆ ಅದು ಒಪ್ಪಿತ ರೂಪ. ಎದುರಿಗಿರುವ ವ್ಯಕ್ತಿಗೆ ಮಾತ್ರ ಹಾಗೆ ಹೇಳಬೇಡಿ.

ಮುದ್ದೆಯ ಉತ್ತರಗಳು. ಉಸ್ತೇದ್: ಎನ್ಸ್ಯೇಂದ, ಯೇರ್ಬ, ಏಚೆ, ರೆಮ್ವೇಬ, ಫೋರ್ಮೆ, ಸೀರ್ಬಲ. ಉಸ್ತೇದೆಸ್: ಎನ್ಸ್ಯೇಂದನ್, ಯೇರ್ಬನ್, ಏಚೆನ್, ರೆಮ್ವೇಬನ್, ಫೋರ್ಮೆನ್, ಸೀರ್ಬನ್ಲ. ನೊಸೋತ್ರೊಸ್: ಎನ್ಸೆಂದಾಮೊಸ್, ಇರ್ಬಾಮೊಸ್, ಎಚೇಮೊಸ್, ರೆಮೊಬಾಮೊಸ್, ಫೊರ್ಮೇಮೊಸ್, ಸಿರ್ಬಾಮೊಸ್ಲ. ಕೊನೆಯ ಸಾಲಿನಲ್ಲಿ ‘ಯೆರ್ಬಾಮೊಸ್’ ಅಥವಾ ‘ರೆಮ್ವೆಬಾಮೊಸ್’ ಬರೆದಿದ್ದರೆ ‘ಒತ್ತು ಸರಿದಾಗ’ ಭಾಗವನ್ನು ಇನ್ನೊಮ್ಮೆ ಜೋರಾಗಿ ಓದಿ, ಆಮೇಲೆ ಅದೇ ಆರು ಕ್ರಿಯಾಪದಗಳನ್ನು ಬೊಸೋತ್ರೊಸ್ ರೂಪದಲ್ಲಿ ಬರೆಯಿರಿ: ಎನ್ಸೆಂದೇದ್, ಎರ್ಬೀದ್, ಎಚಾದ್, ರೆಮೊಬೇದ್, ಫೊರ್ಮಾದ್, ಸೆರ್ಬೀದ್ಲ.